ಮಗನಿಗೆ ಸಿಜಿಡಿ ಅಂದಿದ್ದಾರೆ, ಅಡಿಕೆ ತೋಟದ ಮನೆ ಬಿಡಬೇಕಾ?

ಬೇಣದಮನೆ · ಶನಿವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಉದ್ದ ಆಯ್ತು ಅಂತ ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಶಿರಸಿ ಕಡೆಯ ಹಳ್ಳಿ. ಮಗನಿಗೆ ಈಗ ನಾಲ್ಕು ವರ್ಷ. ಹುಟ್ಟಿದಾಗ ಎಡತೋಳಿಗೆ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿದ್ದರಲ್ಲ, ಆ ಜಾಗ ಒಣಗಲೇ ಇಲ್ಲ. ಮೂರು ತಿಂಗಳಾಗುವಷ್ಟರಲ್ಲಿ ಎಡಗಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅದು ಒಡೆದು ವಾರಗಟ್ಟಲೆ ಕೀವು ಸೋರಿತು. ಕೆಲವು ಮಕ್ಕಳಿಗೆ ಹಾಗಾಗುತ್ತೆ ಅಂದರು, ನಾವೂ ನಂಬಿದೆವು. ಆಮೇಲೆ ಕುರುಗಳು. ಒಂದು ಮಾಗುವಷ್ಟರಲ್ಲಿ ಇನ್ನೊಂದು. ಒಮ್ಮೆ ನ್ಯುಮೋನಿಯಾ. ಎರಡೂವರೆ ವರ್ಷಕ್ಕೆ ಕುತ್ತಿಗೆಯ ಗಂಟಿನಿಂದ ಚೂರು ತೆಗೆದು ನೋಡಿ ಟಿಬಿ ಅಂದರು. ಒಂಬತ್ತು ತಿಂಗಳು ಟಿಬಿ ಮಾತ್ರೆ ನುಂಗಿಸಿದೆ. ಬೆಲ್ಲದಲ್ಲಿ ಅರೆದು ಕೊಡುತ್ತಿದ್ದೆ, ಈಗ ಅವನು ಬೆಲ್ಲ ಕಂಡರೆ ಅಳುತ್ತಾನೆ.

ಈ ಏಪ್ರಿಲ್‌ನಲ್ಲಿ ಲಿವರ್‌ನಲ್ಲಿ ಕೀವು ತುಂಬಿತು. ಬೆಂಗಳೂರಿಗೆ ಓಡಿದೆವು. ಅಲ್ಲಿನ ಡಾಕ್ಟರು ಮೊದಲು ನೋಡಿದ್ದು ಅವನ ತೋಳಿನ ಕಲೆ. ಆಮೇಲೆ ನನ್ನನ್ನು ಕೇಳಿದರು, "ನಿಮ್ಮ ತವರಿನಲ್ಲಿ ಗಂಡುಮಕ್ಕಳು ಚಿಕ್ಕವರಿದ್ದಾಗ ಯಾರಾದರೂ ಹೋಗಿದ್ದಾರಾ?" ನನ್ನ ತಮ್ಮ ಹೋಗಿದ್ದ, ಮೂರು ವರ್ಷಕ್ಕೆ. ಅವನಿಗೂ ಹೀಗೇ ಕುರು ಏಳುತ್ತಿತ್ತು. ಊರಲ್ಲಿ ನಾಗದೋಷ ಅಂದಿದ್ದರು. ನನ್ನ ಆಯಿ (ಅಮ್ಮ) ಸುಬ್ರಹ್ಮಣ್ಯಕ್ಕೆ ಹೋಗಿ ಬಂದಿದ್ದು ನನಗೆ ನೆನಪಿದೆ.

ರಕ್ತ ಪರೀಕ್ಷೆಯಲ್ಲಿ ಬಂದಿದ್ದು ಕ್ರಾನಿಕ್ ಗ್ರ್ಯಾನುಲೋಮ್ಯಾಟಸ್ ಡಿಸೀಸ್, ಸಿಜಿಡಿ. ಬಿಳಿ ರಕ್ತಕಣದ ಹುಟ್ಟುದೋಷ. ನನ್ನ ರಕ್ತವನ್ನೂ ನೋಡಿ ನನ್ನಿಂದ ಬಂದಿದೆ ಅಂದರು. ದಿನಾ ಎರಡು ಔಷಧ ಬರೆದಿದ್ದಾರೆ. ಮತ್ತೆ ಒಂದು ಮಾತು ಹೇಳಿದರು: ಗೊಬ್ಬರ, ಒಣಹುಲ್ಲು, ಕೊಳೆತ ಎಲೆ ಇರುವ ಕಡೆ ಮಗು ಹೋಗಬಾರದು.

ನಮ್ಮ ಮನೆ ಇರುವುದೇ ಅದರ ನಡುವೆ. ಅಡುಗೆಮನೆಗೆ ತಾಗಿ ಕೊಟ್ಟಿಗೆ, ಅದರ ಹಿಂದೆ ಗೊಬ್ಬರಗುಂಡಿ, ಅದರಾಚೆ ತೋಟ. ದನದ ಕಾಲಡಿಗೆ ಹಾಸಲು ಬೆಟ್ಟದಿಂದ ದರಕು, ಅಂದರೆ ಒಣ ಎಲೆ, ತರುತ್ತೇವೆ. ಮಾವನವರು, "ನಾವೆಲ್ಲ ಸಗಣಿಯಲ್ಲೇ ಬೆಳೆದವರು, ನಮಗೇನಾಯ್ತು?" ಅನ್ನುತ್ತಾರೆ. ಅತ್ತೆ ರಿಪೋರ್ಟ್ ವಿಷಯ ಗೊತ್ತಾದಾಗಿನಿಂದ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಇವರು ಶಿರಸಿ ಪೇಟೆಯಲ್ಲಿ ಬಾಡಿಗೆ ಮನೆ ನೋಡೋಣ ಅಂತಿದ್ದಾರೆ. ಇಂಥ ಮಗು ಇರುವವರು ಯಾರಾದರೂ ಇದ್ದೀರಾ? ಮನೆ ಬಿಡಲೇಬೇಕಾ?

ಬುಧವಾರದಿಂದ ತವರಿನಲ್ಲಿರುತ್ತೇನೆ. ತಂಗಿ ಬಾಣಂತನಕ್ಕೆ ಬಂದಿದ್ದಾಳೆ, ದಿನ ತುಂಬಿದೆ. ಅಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ, ಉತ್ತರ ತಡವಾದರೆ ತಪ್ಪು ತಿಳಿಯಬೇಡಿ.

ಪೇಟೆಬೀದಿ · 10:05

ಅಯ್ಯೋ, ಪಾಪ ಮಗು. ದೇವರು ಒಳ್ಳೆಯದು ಮಾಡಲಿ.

ಅಜ್ಜನಮದ್ದು · 10:20

ತಂಗೀ, ಗಾಬರಿ ಬೇಡ. ಇಮ್ಯೂನಿಟಿ ಕಮ್ಮಿ ಅಂದರೆ ಅಮೃತಬಳ್ಳಿ ಕಷಾಯ ದಿನಾ ಕೊಡು. ನಮ್ಮ ಮನೆಯಲ್ಲಿ ಮಕ್ಕಳಿಗೆ ಜ್ವರ ಅಂತ ಆಸ್ಪತ್ರೆಗೆ ಹೋಗಿದ್ದೇ ಇಲ್ಲ. ಕುರುವಿಗೆ ಸೊಪ್ಪು ಅರೆದು ಕಟ್ಟಿದರೆ ಎರಡು ದಿನಕ್ಕೆ ಒಡೆಯುತ್ತೆ.

ಹಾಸನದಪ್ಪ · 10:41

ಅಜ್ಜನಮದ್ದು ಅವರೇ, ನಿಮ್ಮ ಮನಸ್ಸು ಒಳ್ಳೆಯದೇ, ಆದರೆ ದಯವಿಟ್ಟು ಈ ಸಲಹೆ ಇಲ್ಲಿ ಬೇಡ. ನನ್ನ ಮಗಳಿಗೆ ಸಿಜಿಡಿ ಇದೆ. ಹನ್ನೊಂದು ವರ್ಷ. ಇದು "ಇಮ್ಯೂನಿಟಿ ಕಮ್ಮಿ" ಅಲ್ಲ. ಅವಳ ಬಿಳಿ ರಕ್ತಕಣ ಎಣಿಸಿದರೆ ಬೇಕಾದಷ್ಟಿವೆ, ಸೋಂಕು ಬಂದಾಗ ಎಲ್ಲರಿಗಿಂತ ಜಾಸ್ತಿಯೇ ಇರುತ್ತವೆ. ಕಣ ಓಡಿ ಬರುತ್ತೆ, ಕ್ರಿಮಿಯನ್ನು ನುಂಗುತ್ತೆ, ಆದರೆ ಕೊಲ್ಲಲು ಆಗುವುದಿಲ್ಲ. ನುಂಗಿದ ಕ್ರಿಮಿ ಕಣದ ಹೊಟ್ಟೆಯೊಳಗೇ ಜೀವಂತ. ಅದನ್ನು ಸುತ್ತುವರಿಯಲು ಇನ್ನಷ್ಟು ಕಣ ಬರುತ್ತವೆ, ಗಂಟು ಕಟ್ಟುತ್ತೆ. ಆ ಗಂಟೇ ಗ್ರ್ಯಾನುಲೋಮ. ಟಿಬಿಯಲ್ಲೂ ಅಂಥದ್ದೇ ಗಂಟು ಆಗುತ್ತೆ, ಅದಕ್ಕೇ ನಮ್ಮ ದೇಶದಲ್ಲಿ ಈ ಮಕ್ಕಳಿಗೆ ಮೊದಲು ಟಿಬಿ ಔಷಧಿ. ನನ್ನ ಮಗಳಿಗೂ ಆರು ತಿಂಗಳು ಕೊಟ್ಟೆವು.

ಕುರುವಿನ ಮೇಲೆ ಹಸಿ ಸೊಪ್ಪು, ಮಣ್ಣು, ಬೂದಿ ಯಾವುದೂ ಹಾಕಬಾರದು. ಅದರಲ್ಲಿರುವ ಬೂಷ್ಟೇ ಈ ಮಕ್ಕಳಿಗೆ ಯಮ.

ಪೇಟೆಬೀದಿ · 10:48

ಹಾಸನದಪ್ಪ ಸರ್, ಈ ಕಾಯಿಲೆ ಗಂಡುಮಕ್ಕಳಿಗೆ ಮಾತ್ರ ಬರೋದು ಅಂತ ಓದಿದೆ. ಮಗಳಿಗೆ ಹೇಗೆ?

ಹಾಸನದಪ್ಪ · 11:10

ಎರಡು ಥರ ಇದೆ. ಬಿಳಿಕಣದೊಳಗೆ ಕ್ರಿಮಿ ಸುಡುವ ಒಂದು ಕಿಣ್ವ ಇದೆ, ಐದು ಭಾಗ ಸೇರಿ ಆಗಿದ್ದು. ಯಾವ ಭಾಗ ಇಲ್ಲದಿದ್ದರೂ ಕೆಲಸ ಕೆಡುತ್ತೆ. ಒಂದು ಭಾಗದ ಜೀನ್ ಮಾತ್ರ ಎಕ್ಸ್ ಕ್ರೋಮೋಸೋಮ್ ಮೇಲಿದೆ, ಅದು ತಾಯಿಯಿಂದ ಗಂಡುಮಕ್ಕಳಿಗೆ ಹೋಗುವುದು. ಬೇಣದಮನೆ ಅವರ ಮಗನದ್ದು ಅದೇ ಇರಬೇಕು. ಉಳಿದವು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ. ಅದರಲ್ಲಿ ಗಂಡು ಹೆಣ್ಣು ಅಂತ ಭೇದ ಇಲ್ಲ.

ನನ್ನದು ಸ್ವಂತ ಅಕ್ಕನ ಮಗಳ ಜೊತೆ ಮದುವೆ. ಹಿರಿಯರು ಮಾಡಿದ್ದು, ನಾವೂ ಒಪ್ಪಿದ್ದು. ರಿಪೋರ್ಟ್ ಬಂದ ದಿನ ನನ್ನ ಅಕ್ಕ, ಅಂದರೆ ನನ್ನ ಅತ್ತೆಯೂ ಅವರೇ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರು. ಸೋದರಿಕೆ ಮದುವೆಯಿಂದ ಎಲ್ಲರಿಗೂ ಹೀಗಾಗುತ್ತೆ ಅಂತ ನಾನು ಹೇಳುವುದಿಲ್ಲ. ಆದರೆ ಇಂಥ ಕಾಯಿಲೆ ನಮ್ಮ ಕಡೆ ಕಾಣುವುದಕ್ಕೆ ಅದೂ ಒಂದು ಕಾರಣ.

ಬೇಣದಮನೆ ತಂಗೀ, ನಿಮ್ಮ ಅತ್ತೆಗೆ ಒಂದು ಮಾತು ಹೇಳಿ. ಜೀನ್ ಯಾರೂ ಆರಿಸಿಕೊಂಡು ಕೊಡುವುದಿಲ್ಲ. ಮಗನ ಮೂಗು ನಿಮ್ಮ ಯಜಮಾನರದ್ದಾದರೆ ಅದಕ್ಕೆ ಅವರನ್ನು ಹೊಗಳುವುದಿಲ್ಲ ಅಲ್ವಾ?

ಸಾಗರದ ಕೃಷಿಕ · 11:25

ನನಗೆ ಒಂದು ಅನುಮಾನ. ಮಕ್ಕಳು ಮಣ್ಣು, ಸಗಣಿಯ ಜೊತೆ ಬೆಳೆದರೆ ರೋಗ ನಿರೋಧಕ ಶಕ್ತಿ ಚೆನ್ನಾಗಿರುತ್ತೆ ಅಂತ ಈಗ ಡಾಕ್ಟರುಗಳೇ ಹೇಳ್ತಾರಲ್ಲ? ಕೊಟ್ಟಿಗೆ ಇರುವ ಮನೆ ಮಕ್ಕಳಿಗೆ ಅಸ್ತಮಾ ಕಮ್ಮಿ ಅಂತ ಪೇಪರಿನಲ್ಲೂ ಬಂದಿತ್ತು. ಇದ್ದ ಎರಡು ದನವನ್ನೂ ಹೊಡೆದುಕೊಂಡು ಹೋಗಿ ಮಾರಿ ಅನ್ನುವ ಮೊದಲು ಯೋಚಿಸಬೇಕು. ಮಾವನವರು ಹೇಳಿದ್ದರಲ್ಲೂ ಅರ್ಥ ಇದೆ.

ಹೊರನಾಡು · ಭಾನುವಾರ ಬೆಳಗ್ಗೆ 5:30

ಸಾಗರದ ಕೃಷಿಕರೇ, ಆ ಮಾತು ಆರೋಗ್ಯವಂತ ಮಕ್ಕಳಿಗೆ. ಸಿಜಿಡಿ ಮಕ್ಕಳಿಗೆ ಅದನ್ನು ತರಬೇಡಿ, ಕೈಮುಗಿದು ಕೇಳುತ್ತೇನೆ.

ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಮೂಲ ತೀರ್ಥಹಳ್ಳಿ. ಮಗನಿಗೆ ಎಕ್ಸ್ ಥರದ ಸಿಜಿಡಿ, ಈಗ ಹದಿನಾರು. ಇಲ್ಲಿ ವಸಂತ ಬಂದರೆ ಪ್ರತಿ ಪಾರ್ಕಿನಲ್ಲೂ ಮರದ ಚಕ್ಕೆ, ಕೊಳೆತ ತೊಗಟೆ ತಂದು ಗಿಡದ ಬುಡಕ್ಕೆ ಸುರಿಯುತ್ತಾರೆ. ಹಾಗೆ ಕೆದಕಿದ ರಾಶಿಯಿಂದ ಆಸ್ಪರ್ಜಿಲಸ್ ಅನ್ನುವ ಬೂಷ್ಟಿನ ಬೀಜ ಮೋಡದಂತೆ ಏಳುತ್ತೆ. ಕಣ್ಣಿಗೆ ಕಾಣುವುದಿಲ್ಲ. ಎಲ್ಲರೂ ಉಸಿರಾಡುತ್ತೇವೆ, ನಮ್ಮ ಬಿಳಿಕಣ ಕೊಂದುಹಾಕುತ್ತೆ. ಸಿಜಿಡಿ ಇರುವವರು ಒಂದು ಮಧ್ಯಾಹ್ನ ಗೊಬ್ಬರ ಕೆದಕಿ, ಕೆಲವೇ ದಿನದಲ್ಲಿ ಎರಡೂ ಶ್ವಾಸಕೋಶ ತುಂಬಿ ಐಸಿಯು ಸೇರಿದ ಕತೆಗಳಿವೆ. ಸತ್ತವರಿದ್ದಾರೆ. ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದೆ ತೋಟದ ಕೆಲಸ ಮಾಡಿ, ಹೀಗೆ ಬಿದ್ದ ಮೇಲೆ ಪತ್ತೆಯಾದ ದೊಡ್ಡವರೂ ಇದ್ದಾರೆ.

ಹೆದರಿಸಲು ಬರೆಯುತ್ತಿಲ್ಲ. ನನ್ನ ಮಗ ಶಾಲೆಗೆ ಹೋಗುತ್ತಾನೆ, ಕ್ರಿಕೆಟ್ ಆಡುತ್ತಾನೆ. ಎಲ್ಲ ಕ್ರಿಮಿಗೂ ಅವನು ಸೋಲುವುದಿಲ್ಲ. ನೆಗಡಿ, ಫ್ಲೂ ಥರದ ವೈರಸ್ಸು ಬಂದರೆ ಎಲ್ಲ ಮಕ್ಕಳಂತೆಯೇ ವಾಸಿಯಾಗುತ್ತೆ. ಸೋಲುವುದು ಕೆಲವು ಬ್ಯಾಕ್ಟೀರಿಯಾ ಮತ್ತು ಬೂಷ್ಟಿಗೆ. ಅದನ್ನು ತಿಳಿದುಕೊಂಡರೆ ಬೇಡದ ಭಯ ಅರ್ಧ ಹೋಗುತ್ತೆ.

1950ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಇದನ್ನು ಮೊದಲು ವಿವರಿಸಿದವರು ಹೆಸರಿನಲ್ಲೇ "ಮಾರಕ" ಅಂತ ಸೇರಿಸಿದ್ದರು. ಮಕ್ಕಳು ಹತ್ತು ವರ್ಷ ದಾಟುತ್ತಿರಲಿಲ್ಲ. ಈಗ ಆ ಪದ ಹೆಸರಿನಲ್ಲಿಲ್ಲ. ಗೂಗಲ್‌ನಲ್ಲಿ ಹಳೆಯ ಪುಟ ಸಿಕ್ಕರೆ ಓದಿ ನಿದ್ದೆಗೆಡಬೇಡಿ.

ಲ್ಯಾಬ್‌ಬೆಂಚು · ಭಾನುವಾರ 6:15

ಬೇಣದಮನೆ ಅವರೇ, ಮನೆ ವಿಷಯ ಆಮೇಲೆ ಮಾತಾಡೋಣ. ನಿಮ್ಮ ಪೋಸ್ಟಿನ ಕೊನೆಯ ಸಾಲನ್ನು ಯಾರೂ ಗಮನಿಸಿಲ್ಲ. ನಿಮ್ಮ ತಂಗಿಗೆ ದಿನ ತುಂಬಿದೆ ಅಂದಿರಿ.

ತಮ್ಮ ಹೀಗೇ ಹೋದ, ಮಗನಿಗೆ ಇದೇ ಕಾಯಿಲೆ. ಅಂದರೆ ದೋಷ ನಿಮ್ಮ ಆಯಿಯಿಂದಲೇ ಬಂದಿರುವ ಸಾಧ್ಯತೆ ದೊಡ್ಡದು. ಹಾಗಿದ್ದರೆ ನಿಮ್ಮ ತಂಗಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅವಳಿಗೆ ಇದ್ದು, ಹುಟ್ಟುವ ಮಗು ಗಂಡಾದರೆ, ಮಗುವಿಗೆ ಬರುವ ಸಾಧ್ಯತೆ ಮತ್ತೆ ಅರ್ಧ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಮನೆಗೆ ಕಳಿಸುವ ಮೊದಲೇ ಬಿಸಿಜಿ ಹಾಕುತ್ತಾರೆ. ಬಿಸಿಜಿ ಅಂದರೆ ಶಕ್ತಿ ಕುಂದಿಸಿದ ಜೀವಂತ ಬ್ಯಾಕ್ಟೀರಿಯಾ. ನಿಮ್ಮ ಮಗನ ಕಂಕುಳಲ್ಲಿ ಆ ಗಂಟು ಎದ್ದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಇಂದೇ ತಂಗಿಗೆ ಫೋನ್ ಮಾಡಿ. ಮಗುವಿನ ಪರೀಕ್ಷೆ ಆಗುವವರೆಗೆ ಬಿಸಿಜಿ ಬೇಡ.

ಹಾಸನದಪ್ಪ · 6:40

ಅಯ್ಯೋ ಹೌದು! ನಾನೂ ಓದಿ ಮುಂದೆ ಹೋಗಿಬಿಟ್ಟೆ. ತಂಗೀ, ಬುಧವಾರದವರೆಗೆ ಕಾಯಬೇಡಿ.

ಅಜ್ಜನಮದ್ದು · 7:30

ಲಸಿಕೆ ಬೇಡ ಅಂತ ನಾವು ಹೇಳಿದರೆ ಬೈತೀರಿ. ಈಗ ನೀವೇ ಬೇಡ ಅಂತಿದ್ದೀರಿ.

ಲ್ಯಾಬ್‌ಬೆಂಚು · 7:52

ಇಲ್ಲ ಸರ್, ಎರಡೂ ಒಂದಲ್ಲ. ಮನೆಯಲ್ಲಿ ಸಿಜಿಡಿ ಇದೆ ಅಂತ ಗೊತ್ತಿರುವ ಈ ಮಗುವಿಗೆ, ಬಿಸಿಜಿ ಒಂದನ್ನು, ಪರೀಕ್ಷೆ ಆಗುವವರೆಗೆ ತಡೆಯಿರಿ ಅಂದೆ. ಹೆಪಟೈಟಿಸ್ ಬಿ, ಪೋಲಿಯೋ ಹನಿ ಎಲ್ಲ ಹಾಕಿಸಬೇಕು. ಸಿಜಿಡಿ ಇರುವ ಮಕ್ಕಳಿಗೂ ಬಿಸಿಜಿ, ಬಾಯಿಯ ಟೈಫಾಯ್ಡ್ ಲಸಿಕೆಯಂಥ ಜೀವಂತ ಬ್ಯಾಕ್ಟೀರಿಯಾದ ಲಸಿಕೆ ಬಿಟ್ಟು ಉಳಿದವು ನಡೆಯುತ್ತವೆ. ಮಗು ಸರಿ ಇದೆ ಅಂತ ಗೊತ್ತಾದರೆ ಒಂದು ವರ್ಷದೊಳಗೆ ಬಿಸಿಜಿ ಹಾಕಿಸಬಹುದು. ಬೇರೆಯವರು ಇದನ್ನು ಓದಿ ತಮ್ಮ ಮಕ್ಕಳ ಲಸಿಕೆ ತಪ್ಪಿಸಬೇಡಿ, ದಯವಿಟ್ಟು.

ಬೇಣದಮನೆ · ಭಾನುವಾರ 8:20

ಓದಿ ಕೈಕಾಲು ತಣ್ಣಗಾಯಿತು. ಇದು ನನಗೆ ಹೊಳೆದಿರಲೇ ಇಲ್ಲ. ಬೆಂಗಳೂರಿನಲ್ಲಿ ಹೇಳಿದ್ದರೋ ಏನೋ, ಆ ದಿನ ನನ್ನ ತಲೆಗೆ ಏನೂ ಹೋಗಿರಲಿಲ್ಲ. ತಂಗಿಗೆ ಫೋನ್ ಹೋಗುತ್ತಿಲ್ಲ. ಪಕ್ಕದ ಮನೆಯವರ ಲ್ಯಾಂಡ್‌ಲೈನ್‌ಗೆ ಮಾಡಿ ಆಯಿಯನ್ನು ಕರೆಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ಒಪ್ಪುತ್ತಾರಾ?

ಕಡಲಂಚು · 8:45

ಉಡುಪಿ ಕಡೆ ನರ್ಸ್ ಆಗಿದ್ದೇನೆ. ಬಾಯಿಮಾತಿಗೆ ಒಪ್ಪಲ್ಲ ಅಕ್ಕ. ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಬದಲಾಗುತ್ತೆ, ಬೆಳಗಿನವರಿಗೆ ಹೇಳಿದ್ದು ರಾತ್ರಿಯವರಿಗೆ ಗೊತ್ತಿರಲ್ಲ. ಬೆಂಗಳೂರಿನ ಡಾಕ್ಟರಿಂದ ಎರಡು ಸಾಲಿನ ಚೀಟಿ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಪ್ರಿಂಟ್ ತೆಗೆದು ತಂಗಿಯ ತಾಯಿ ಕಾರ್ಡ್‌ಗೆ ಪಿನ್ ಮಾಡಿ. ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ "ಬಿಸಿಜಿ ಬೇಡ, ಡಾಕ್ಟರನ್ನು ಕೇಳಿ" ಅಂತ ದೊಡ್ಡದಾಗಿ ಬರೆಯಿರಿ. ಮಗು ಹುಟ್ಟಿದ ಮೇಲೆ ಜೊತೆಗೆ ಸದಾ ಒಬ್ಬರು ಇರಲಿ.

ಪೇಟೆಬೀದಿ · 9:00

ನರ್ಸಮ್ಮ ಹೇಳಿದ್ದು ನೂರಕ್ಕೆ ನೂರು.

ಲ್ಯಾಬ್‌ಬೆಂಚು · 9:30

ಪರೀಕ್ಷೆ ಹೇಗೆ ಅಂತಲೂ ಹೇಳಿಬಿಡುತ್ತೇನೆ, ಸ್ಯಾಂಪಲ್ ಹಾಳಾಗಿ ಎರಡೆರಡು ಸಲ ಮಗುವಿಗೆ ಚುಚ್ಚುವುದನ್ನು ನಾನು ತುಂಬಾ ನೋಡಿದ್ದೇನೆ.

ಹೆಸರು ಡಿಎಚ್‌ಆರ್. ಬಿಳಿಕಣಕ್ಕೆ ಒಂದು ಬಣ್ಣ ಕುಡಿಸಿ, ಆಮೇಲೆ ಅದನ್ನು ಕೆರಳಿಸುತ್ತೇವೆ. ಕಣದೊಳಗೆ ಆ "ಸುಡುವ" ಕೆಲಸ ನಡೆದರೆ ಬಣ್ಣ ಬದಲಾಗಿ ಕಣ ಹಸಿರಾಗಿ ಹೊಳೆಯುತ್ತೆ. ಯಂತ್ರ ಸಾವಿರಾರು ಕಣಗಳನ್ನು ಒಂದೊಂದಾಗಿ ನೋಡಿ ಗ್ರಾಫ್ ಬಿಡಿಸುತ್ತೆ. ಆರೋಗ್ಯವಂತರದ್ದು ಬಲಗಡೆ ಒಂದು ಎತ್ತರದ ಗುಡ್ಡ. ಸಿಜಿಡಿ ಆದರೆ ಗುಡ್ಡ ಎಡಗಡೆಯಿಂದ ಕದಲುವುದೇ ಇಲ್ಲ. ಬೇಣದಮನೆ ಅವರಂಥ ತಾಯಂದಿರದ್ದು ಎರಡು ಗುಡ್ಡ, ಕೆಲವು ಕಣ ಹೊಳೆಯುತ್ತವೆ, ಕೆಲವು ಹೊಳೆಯುವುದಿಲ್ಲ. ಯಾಕೆಂದರೆ ಹೆಂಗಸರ ಪ್ರತಿ ಕಣದಲ್ಲೂ ಎರಡು ಎಕ್ಸ್‌ನಲ್ಲಿ ಒಂದು ಮಾತ್ರ ಕೆಲಸ ಮಾಡುತ್ತಿರುತ್ತೆ. ಮೊದಲೆಲ್ಲ ಎನ್‌ಬಿಟಿ ಅಂತ ಇತ್ತು, ಹಳದಿ ಬಣ್ಣ ಕಡುನೀಲಿ ಆಗುವುದನ್ನು ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಎಣಿಸಬೇಕಿತ್ತು. 1960ರ ದಶಕದ ಕೊನೆಯಿಂದ ಬಂದ ಪದ್ಧತಿ. ಎಷ್ಟೋ ಕಡೆ ಈಗಲೂ ಅದೇ.

ನೆನಪಿಡಬೇಕಾದ್ದು: ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು. ಐಸ್ ಬೇಡ, ಬಿಸಿಲೂ ಬೇಡ. ಆದಷ್ಟು ಬೇಗ, 24 ಗಂಟೆಯೊಳಗೆ ಲ್ಯಾಬ್ ಮುಟ್ಟಲಿ. ಜೊತೆಗೆ ರಕ್ತಸಂಬಂಧ ಇಲ್ಲದ ಒಬ್ಬ ಆರೋಗ್ಯವಂತರ ರಕ್ತ, ಅದೇ ಹೊತ್ತಿಗೆ ತೆಗೆದು, ಅದೇ ಡಬ್ಬಿಯಲ್ಲಿ ಬರಬೇಕು. ಆಗ ಮಗುವಿನ ಕಣ ಹೊಳೆಯದಿದ್ದರೆ ಅದು ಕಾಯಿಲೆಯಿಂದಲೋ ಪ್ರಯಾಣದಿಂದಲೋ ಅಂತ ನಮಗೆ ಗೊತ್ತಾಗುತ್ತೆ. ತಂಗಿಯ ರಕ್ತವನ್ನೂ ಕಳಿಸಿ. ಲ್ಯಾಬಿಗೆ ಮೊದಲೇ ಫೋನ್ ಮಾಡಿ, ಶನಿವಾರ ಸಂಜೆ ಕಳಿಸಬೇಡಿ.

ಇನ್ನೊಂದು. ಎಕ್ಸ್ ಥರದಲ್ಲಿ ಕೆಲವು ಮಕ್ಕಳಿಗೆ ಜೀನಿನ ದೊಡ್ಡ ತುಂಡೇ ಇರುವುದಿಲ್ಲ. ಆಗ ಪಕ್ಕದ ಜೀನೂ ಹೋಗಿ ಮೆಕ್ಲಿಯೋಡ್ ಅನ್ನುವ ಅಪರೂಪದ ರಕ್ತದ ಲಕ್ಷಣ ಬರುತ್ತೆ. ಅಂಥವರಿಗೆ ಸಾಮಾನ್ಯ ರಕ್ತ ಕೊಟ್ಟರೆ ಮುಂದೆ ಹೊಂದುವ ರಕ್ತ ಸಿಗುವುದೇ ಕಷ್ಟ. ನಿಮ್ಮ ಮಗನಿಗೆ ಯಾವತ್ತಾದರೂ ರಕ್ತ ಕೊಡುವ ಮಾತು ಬಂದರೆ ಇದನ್ನು ನೋಡಿದ್ದೀರಾ ಅಂತ ಕೇಳಿ.

ತುಂಗಭದ್ರೆ · 10:15

ಬಳ್ಳಾರಿಯಿಂದ. ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು ಅನ್ನಿಸಿತು. ನನ್ನ ಅಕ್ಕನ ಮೊಮ್ಮಗುವಿಗೆ ಹೊಕ್ಕುಳಬಳ್ಳಿ ಐದು ವಾರ ಆದರೂ ಬೀಳಲಿಲ್ಲ. ಬುಡ ಕೆಂಪಾಗಿ ಊದಿತ್ತು, ಆದರೆ ಕೀವಿಲ್ಲ. ಬಿಳಿಕಣ ಎಣಿಸಿದರೆ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು. ಬ್ಲಡ್ ಕ್ಯಾನ್ಸರ್ ಅಂತ ಯಾರೋ ಅಂದುಬಿಟ್ಟರು, ಮನೆಯಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲ. ಕೊನೆಗೆ ಗೊತ್ತಾಗಿದ್ದು ಲ್ಯಾಡ್ ಅನ್ನುವ ಕಾಯಿಲೆ. ಅದರಲ್ಲಿ ಬಿಳಿಕಣ ರಕ್ತನಾಳದ ಗೋಡೆಗೆ ಅಂಟಿಕೊಳ್ಳಲು ಆಗದೆ ಹೊರಗೆ ಬರುವುದೇ ಇಲ್ಲವಂತೆ. ರಕ್ತದಲ್ಲಿ ತುಂಬಿ ತುಳುಕುತ್ತವೆ, ಗಾಯದ ಹತ್ತಿರ ಒಂದೂ ಇಲ್ಲ. ಅದಕ್ಕೇ ಕೀವಿಲ್ಲ.

ಲ್ಯಾಬ್‌ಬೆಂಚು · 10:22

ಸರಿಯಾಗಿ ಹೇಳಿದಿರಿ. ಸಿಜಿಡಿಯಲ್ಲಿ ಕಣ ಬರುತ್ತೆ, ಕೊಲ್ಲಲ್ಲ. ಲ್ಯಾಡ್‌ನಲ್ಲಿ ಬರುವುದೇ ಇಲ್ಲ. ಮಗು ಹೇಗಿದೆ ಈಗ?

ತುಂಗಭದ್ರೆ · 10:40

ಉಳಿಯಲಿಲ್ಲ. ಅಸ್ಥಿಮಜ್ಜೆ ಕಸಿಗೆ ದಾನಿ ಹುಡುಕುತ್ತಿರುವಾಗಲೇ ಹೋಯಿತು. ಹೊಕ್ಕುಳು ಬೀಳದಿದ್ದರೆ ತಿಂಗಳುಗಟ್ಟಲೆ ಕಾಯಬೇಡಿ, ತೋರಿಸಿ. ಅದಕ್ಕೇ ಬರೆದೆ.

ಔಷಧಿ ಅಂಗಡಿ · ಭಾನುವಾರ ಸಂಜೆ 6:10

ಬೇಣದಮನೆ ಅವರಿಗೆ ಕೊಟ್ಟಿರುವುದು ಕೋಟ್ರೈಮಾಕ್ಸಜೋಲ್ ಮತ್ತು ಇಟ್ರಕೊನಜೋಲ್ ಇರಬೇಕು. ಮೊದಲನೆಯದು ಸೆಪ್ಟ್ರಾನ್ ಅಂತ ಎಲ್ಲರಿಗೂ ಗೊತ್ತಿರುವುದು, ಅಗ್ಗ. ಇಟ್ರಕೊನಜೋಲ್ ಬೂಷ್ಟಿನ ಸೋಂಕು ತಡೆಯಲು. ಕ್ಯಾಪ್ಸೂಲ್ ಆದರೆ ಊಟದ ಜೊತೆ, ದ್ರಾವಣ ಆದರೆ ಖಾಲಿ ಹೊಟ್ಟೆಗೆ. ತುಂಬಾ ಜನ ಇದನ್ನು ಅದಲುಬದಲು ಮಾಡುತ್ತಾರೆ. ಕ್ಯಾಪ್ಸೂಲ್ ಕೊಡುವಾಗ ಗ್ಯಾಸ್ ಮಾತ್ರೆ ಜೊತೆಗೆ ಕೊಟ್ಟರೆ ಮೈಗೆ ಹತ್ತುವುದಿಲ್ಲ. ಬೇರೆ ಯಾವುದೇ ಮಾತ್ರೆ ಶುರು ಮಾಡುವ ಮೊದಲು ಇದನ್ನು ತೆಗೆದುಕೊಳ್ಳುತ್ತಿದ್ದಾನೆ ಅಂತ ಹೇಳಿ, ಹಲವು ಔಷಧಿಗಳ ಜೊತೆ ಇದಕ್ಕೆ ಆಗಿಬರಲ್ಲ.

ಹಾಸನದಪ್ಪ · 7:00

ಮಗು ಚೆನ್ನಾಗಿದೆ ಅಂತ ಔಷಧಿ ಬಿಡಬೇಡಿ. ಇದೇ ನಮ್ಮ ಮನೆಯಲ್ಲಿ ಆದ ತಪ್ಪು. ಎರಡು ವರ್ಷ ಏನೂ ಆಗಲಿಲ್ಲ, ಲಿವರ್ ಹಾಳಾಗುತ್ತೆ ಅಂತ ಯಾರೋ ಅಂದರು, ನಿಲ್ಲಿಸಿದೆವು. ಐದು ತಿಂಗಳಿಗೆ ಶ್ವಾಸಕೋಶದಲ್ಲಿ ಗಂಟು. ಆಗ ಅವಳಿಗೆ ಜ್ವರವೇ ಇರಲಿಲ್ಲ! ಸ್ವಲ್ಪ ಸುಸ್ತು, ಊಟ ಸೇರುತ್ತಿರಲಿಲ್ಲ, ಅಷ್ಟೇ. ಜ್ವರ ಇಲ್ಲ ಅಂತ ಸುಮ್ನೆ ಕೂರಬಾರದು ಅಂತ ಅವತ್ತು ಕಲಿತೆ.

ಹೊರನಾಡು · 8:15

ಇಲ್ಲಿ ಮೂರನೆಯದು ಒಂದು ಕೊಡುತ್ತಾರೆ, ಇಂಟರ್‌ಫೆರಾನ್ ಗಾಮಾ ಇಂಜೆಕ್ಷನ್, ವಾರಕ್ಕೆ ಮೂರು ಸಲ. 1991ರ ಪ್ರಯೋಗದಲ್ಲಿ ದೊಡ್ಡ ಸೋಂಕುಗಳು ಬಹಳ ಇಳಿದಿದ್ದವು. ನನ್ನ ಮಗನಿಗೆ ಎರಡು ವರ್ಷ ಕೊಟ್ಟೆವು, ಹಾಕಿದ ರಾತ್ರಿಯೆಲ್ಲ ಮೈಕೈ ನೋವು. ಭಾರತದಲ್ಲಿ ಅದರ ಖರ್ಚು ಹೊರುವುದು ಕಷ್ಟ. ಎಲ್ಲ ಡಾಕ್ಟರೂ ಅದು ಬೇಕೇ ಬೇಕು ಅನ್ನುವುದಿಲ್ಲ. ಸಿಗಲಿಲ್ಲ ಅಂತ ಕೊರಗಬೇಡಿ. ದಿನಾ ಕೊಡುವ ಆ ಎರಡು ಔಷಧಿ ತಪ್ಪದಿದ್ದರೆ ಅದೇ ದೊಡ್ಡದು.

ಮಂಡ್ಯದ ಗೆಳೆಯ · 8:50

ಕಸಿಯ ಬಗ್ಗೆ ಡಾಕ್ಟರು ಏನು ಹೇಳಿದರು? ಪೂರ್ತಿ ವಾಸಿ ಮಾಡುವ ದಾರಿ ಅಂದರೆ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದವರದ್ದು ಹೊಂದುವ ಸಾಧ್ಯತೆ ನಾಲ್ಕಕ್ಕೆ ಒಂದು. ಇಲ್ಲದಿದ್ದರೆ ದಾನಿಗಳ ನೋಂದಣಿಯಲ್ಲಿ ಹುಡುಕುತ್ತಾರೆ. ಚೆನ್ನೈಯಲ್ಲಿ ದಾತ್ರಿ ಇದೆ, ಬೆಂಗಳೂರಿನಲ್ಲಿ ಡಿಕೆಎಂಎಸ್ ಇದೆ. ಇದನ್ನು ಓದುತ್ತಿರುವ ಹುಡುಗ ಹುಡುಗಿಯರೇ, ಕೆನ್ನೆಯೊಳಗೆ ಹತ್ತಿ ಕಡ್ಡಿ ಉಜ್ಜಿ ಕೊಟ್ಟರೆ ಮುಗಿಯಿತು. ನಮ್ಮ ಮಂದಿಯ ಮಗುವಿಗೆ ನಮ್ಮ ಮಂದಿಯಲ್ಲೇ ಹೊಂದಾಣಿಕೆ ಸಿಗುವ ಸಾಧ್ಯತೆ ಜಾಸ್ತಿ.

ದುಡ್ಡಿನ ವಿಷಯ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ, ಕಸಿಯಿಂದ ವಾಸಿಯಾಗುವ ಮೊದಲ ಗುಂಪಿನಲ್ಲಿ ಸಿಜಿಡಿ ಹೆಸರು ಇದೆ. 2022ರಿಂದ ನೆರವು ₹50 ಲಕ್ಷದವರೆಗೆ. ಅವರು ಗುರುತಿಸಿದ ಕೇಂದ್ರದ ಮೂಲಕವೇ ಅರ್ಜಿ ಹೋಗಬೇಕು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಒಂದು ಕೇಂದ್ರ. ನನ್ನ ಗೆಳೆಯನ ಮಗನಿಗೆ ಬೇರೆ ಕಾಯಿಲೆಗೆ ನಾನೇ ಕಾಗದ ಹಿಡಿದು ಓಡಾಡಿದ್ದೇನೆ. ತಡ ಆಗುತ್ತೆ, ಬೇಸರ ಆಗುತ್ತೆ, ಆದರೆ ಆಗುತ್ತೆ. ಇಂದೇ ಫೈಲ್ ಶುರು ಮಾಡಿ.

ಹೊರನಾಡು · 9:05

ಕಸಿಗೆ ಅವಸರ ಬೇಡ, ತಡವೂ ಬೇಡ. ಸೋಂಕು ಹತೋಟಿಯಲ್ಲಿರುವಾಗ ಚಿಕ್ಕ ವಯಸ್ಸಿನಲ್ಲಿ ಮಾಡಿಸಿದರೆ ಫಲ ಚೆನ್ನಾಗಿರುತ್ತೆ ಅನ್ನುತ್ತಾರೆ. ನಮಗೆ ಹೊಂದುವ ದಾನಿ ಸಿಕ್ಕಿಲ್ಲ, ಕಾಯುತ್ತಿದ್ದೇವೆ.

ಕಡಲಂಚು · 9:40

ನೀರಿನ ಬಗ್ಗೆ ಯಾರೂ ಹೇಳಿಲ್ಲ. ಕೆರೆ, ಗದ್ದೆಯ ನಿಂತ ನೀರಿಗೆ ಇಳಿಸಬೇಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಮೆಲಿಯೋಯ್ಡೋಸಿಸ್ ಕೇಸುಗಳು, ಕೆಸರಿನಲ್ಲಿರುವ ಬ್ಯಾಕ್ಟೀರಿಯಾ ಅದು. ಸಾಮಾನ್ಯವಾಗಿ ಸಕ್ಕರೆ ಕಾಯಿಲೆಯವರಿಗೆ ಜಾಸ್ತಿ, ಸಿಜಿಡಿ ಮಕ್ಕಳಿಗೂ ಅಪಾಯ. ಬರಿಗಾಲು ಬೇಡ. ಮುಳ್ಳು ಚುಚ್ಚಿದರೂ ತೊಳೆದು ಔಷಧಿ ಹಾಕಿ.

ಸಾಗರದ ಕೃಷಿಕ · ಸೋಮವಾರ 6:30

ಮೊನ್ನೆ ಬರೆದಿದ್ದಕ್ಕೆ ಕ್ಷಮೆ ಕೇಳುತ್ತೇನೆ. ರಾತ್ರಿ ಪೂರ್ತಿ ಓದಿದೆ. ನಾನು ತಿಳಿದಿದ್ದು ಬೇರೆ, ಇದೇ ಬೇರೆ.

ಆದರೆ ತೋಟದ ಮನೆಯವನಾಗಿ ಹೇಳುತ್ತೇನೆ. ಎಲ್ಲವನ್ನೂ ಬಿಟ್ಟು ಪೇಟೆಗೆ ಹೋಗುವುದು ಎಲ್ಲರಿಗೂ ಆಗಲ್ಲ. ಹೋದರೆ ಪೇಟೆ ಮನೆಯ ಗೋಡೆಯೂ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ನೋಡಬೇಕಾದ್ದು ಯಾವ ದಿನ ಧೂಳು ಏಳುತ್ತೆ ಅಂತ. ಗೊಬ್ಬರ ತೋಡುವ ದಿನ, ದರಕು ಹೊತ್ತು ತರುವ ದಿನ, ಬಣವೆ ಬಿಚ್ಚುವ ದಿನ, ಚಾಲಿ (ಒಣಗಿಸಿದ ಅಡಿಕೆ) ಸುಲಿಯುವ ದಿನ. ಆ ದಿನಗಳನ್ನು ನಾವೇ ಗುರುತು ಮಾಡಬಹುದು. ಕ್ಯಾಲೆಂಡರಿನಲ್ಲಿ ಬರೆದು, ಅವತ್ತು ಮಗು ಬೇರೆ ಕಡೆ ಇರಲಿ. ಕೊಟ್ಟಿಗೆಯನ್ನು ಅಡುಗೆಮನೆಯ ಗೋಡೆಯಿಂದ ಬಿಡಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಹೊರನಾಡು · 6:50

ಇದು ಒಳ್ಳೆಯ ಮಾತು. ಕೆಲಸ ಮಾಡಿದವರು ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳದಿರಲಿ ಅಂತಲೂ ಸೇರಿಸಿ.

ಬೇಣದಮನೆ · ಹದಿನೇಳು ದಿನಗಳ ನಂತರ, ಗುರುವಾರ ರಾತ್ರಿ

ತಡವಾಗಿ ಬರೆಯುತ್ತಿದ್ದೇನೆ. ತಂಗಿಗೆ ಗಂಡುಮಗು ಆಯಿತು. ರಾತ್ರಿ ಎರಡು ಗಂಟೆಗೆ. ನರ್ಸಕ್ಕ ಹೇಳಿದ ಹಾಗೆಯೇ ತಾಯಿ ಕಾರ್ಡಿಗೆ ಚೀಟಿ ಪಿನ್ ಮಾಡಿದ್ದೆ. ಬೆಳಗ್ಗೆ ಲಸಿಕೆ ಹಾಕಲು ಬಂದವರು ಕಾರ್ಡು ತಿರುಗಿಸಿಯೂ ನೋಡದೆ ಮಗುವಿನ ತೋಳು ಬಿಚ್ಚಿದರು. ನಾನು ಕೈ ಅಡ್ಡ ಹಿಡಿದೆ. ಸ್ವಲ್ಪ ಜೋರು ಮಾತಾಯ್ತು. ದೊಡ್ಡ ಡಾಕ್ಟರು ಬಂದು ಚೀಟಿ ಓದಿ, "ಇವರು ಹೇಳಿದ್ದು ಸರಿ" ಅಂದರು. ಆಮೇಲೆ ನಾನು ಹೊರಗೆ ಹೋಗಿ ನೀರು ಕುಡಿದೆ, ಕೈ ನಡುಗುತ್ತಿತ್ತು.

ಮಗುವಿನ ರಕ್ತ, ತಂಗಿಯ ರಕ್ತ, ಭಾವನ ಗೆಳೆಯರೊಬ್ಬರ ರಕ್ತ, ಮೂರು ಹಸಿರು ಮುಚ್ಚಳದ ಟ್ಯೂಬುಗಳನ್ನು ಬಟ್ಟೆ ಸುತ್ತಿ ಸ್ಟೀಲ್ ಟಿಫಿನ್ ಡಬ್ಬಿಯಲ್ಲಿಟ್ಟು ಭಾವ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದರು. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರಂತೆ, ಕಣ್ಣು ಮುಚ್ಚಲಿಲ್ಲವಂತೆ.

ಮಗುವಿನದ್ದು ಒಂದೇ ಗುಡ್ಡ, ಬಲಗಡೆ. ಅವನಿಗೆ ಇಲ್ಲ. ನಿನ್ನೆ ಬಿಸಿಜಿ ಹಾಕಿಸಿದೆವು. ತಂಗಿಯದ್ದು ಎರಡು ಗುಡ್ಡ, ನನ್ನ ಹಾಗೆಯೇ. ಮುಂದಿನ ಮಗುವಿನ ವಿಷಯ ಡಾಕ್ಟರ ಹತ್ತಿರ ಕೂತು ಮಾತಾಡಬೇಕು ಅಂದಿದ್ದಾರೆ. ಅವಳಿಗೆ ಬಿಸಿಲಿಗೆ ಹೋದರೆ ಮುಖ ಕೆಂಪಾಗುವುದು, ಬಾಯಿಹುಣ್ಣು ಚಿಕ್ಕಂದಿನಿಂದ ಇತ್ತು. ನನಗೂ ಇದೆ. ಅದೂ ಇದರದ್ದೇ ಆಗಿರಬಹುದಂತೆ.

ನನ್ನ ಆಯಿ ರಿಪೋರ್ಟು ಕೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದರೆ ಅವನಿಗೂ ಇದೇ ಆಗಿತ್ತು" ಅಂದರು. ತಮ್ಮನ ಹೆಸರು ಹೇಳಿ ಮಾತಾಡಿದ್ದು ಎಷ್ಟೋ ವರ್ಷದ ಮೇಲೆ.

ಲ್ಯಾಬ್‌ಬೆಂಚು · 10:02

ಅಬ್ಬಾ. ಈ ಸುದ್ದಿಗಾಗಿ ದಿನಾ ಬಂದು ನೋಡುತ್ತಿದ್ದೆ.

ಹಾಸನದಪ್ಪ · 10:10

ಕೈ ಅಡ್ಡ ಹಿಡಿದಿರಲ್ಲ, ಅದು ದೊಡ್ಡ ಕೆಲಸ ತಂಗೀ. ನಿಮ್ಮ ಅತ್ತೆ ಹೇಗಿದ್ದಾರೆ?

ಬೇಣದಮನೆ · 10:30

ಅತ್ತೆ ಹಾಗೇ ಇದ್ದಾರೆ ಅಣ್ಣಾ. ಸದ್ಯಕ್ಕೆ ಅದನ್ನು ಬಿಟ್ಟಿದ್ದೇನೆ. ನವೆಂಬರ್‌ನಿಂದ ಕೊಯ್ಲು ಮುಗಿಯುವವರೆಗೆ ಶಿರಸಿಯಲ್ಲಿ ಬಾಡಿಗೆ ಕೋಣೆ ಮಾಡಿದ್ದೇವೆ, ನಾನು ಮತ್ತು ಮಗ ಅಲ್ಲಿರುತ್ತೇವೆ. ಸರ್ಕಾರದ ನೆರವಿನ ಫೈಲ್ ಕೊಟ್ಟು ಬಂದೆವು.

ಮಾವನವರು ಈ ಉತ್ತರಗಳನ್ನೆಲ್ಲ ನನ್ನ ಕೈಯಲ್ಲಿ ಓದಿಸಿಕೊಂಡರು. ಸಾಗರದವರು ಬರೆದಿದ್ದನ್ನು ಎರಡು ಸಲ. ಈಗ ಅವರದ್ದೇ ಪ್ರಶ್ನೆ, ಕೇಳು ಅಂದಿದ್ದಾರೆ: ಗೊಬ್ಬರಗುಂಡಿ ಮನೆಯಿಂದ ಎಷ್ಟು ದೂರ ಇರಬೇಕು?

ಹೊರನಾಡು · 11:15

ಇಷ್ಟು ಅಡಿ ಅಂತ ನಮಗೆ ಯಾವ ಡಾಕ್ಟರೂ ಲೆಕ್ಕ ಕೊಟ್ಟಿಲ್ಲ. ದೂರ ಇದ್ದಷ್ಟೂ ಒಳ್ಳೆಯದು, ಮೇಲೆ ಮುಚ್ಚಿಗೆ ಇರಲಿ. ತೋಡುವ ದಿನ ಮಗು ಊರಲ್ಲೇ ಇರಬಾರದು ಅಂತ ಮಾವನವರಿಗೆ ಹೇಳಿ.

ಸಾಗರದ ಕೃಷಿಕ · ಶುಕ್ರವಾರ 6:05

ಗಾಳಿ ಯಾವ ಕಡೆಯಿಂದ ಮನೆಗೆ ಬೀಸುತ್ತೆ ಅಂತ ಮಾವನವರಿಗೆ ಗೊತ್ತಿರುತ್ತೆ. ಆ ದಿಕ್ಕು ಬಿಟ್ಟು ತೋಟದ ಕೆಳತುದಿಗೆ ಹಾಕಲಿ. ಹಳೆಯ ಗುಂಡಿಯನ್ನು ಈಗ ಕೆದಕುವುದು ಬೇಡ, ಮಗು ಶಿರಸಿಗೆ ಹೋದ ಮೇಲೆ ಖಾಲಿ ಮಾಡಿಸಿ. ಹತ್ತಿರವೇ ಅಲ್ವಾ, ಬೇಕಿದ್ದರೆ ನನ್ನ ಟಿಲ್ಲರ್ ಕಳಿಸುತ್ತೇನೆ.